ಅತ್ತೆಯ ಕಾಲು ಮತ್ತು ಒಂದು ಹಣ್ಣಾದ ಪಪ್ಪಾಯಿ

ನಮ್ಮ ಅತ್ತೆಯ ಎದುರು ನಿಂತು ‘ಆಗುವುದಿಲ್ಲ’ ಎಂದು ಹೇಳಬಲ್ಲ ಮನುಷ್ಯ ಬ್ಯಾಡಗಿ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಅವನಿಗೆ ಮೊದಲ ನೀರೆರೆದವಳು ಅತ್ತೆಯೇ ಆಗಿರುತ್ತಾಳೆ. ಹಾಗಾಗಿ ಅವನೂ ಅಷ್ಟು ಧೈರ್ಯ ಮಾಡಲಾರ!

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಬ್ಯಾಡಗಿಯಲ್ಲಿ ನನ್ನ ತವರುಮನೆಯ ಹಿಂದಿನ ಓಣಿಯಲ್ಲೇ ಅವಳ ಮನೆ. ಮಾವನಿಗೆ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ. ಅಂಗಡಿ ಮಾವನದು ಎಂಬುದು ಬೋರ್ಡಿಗೆ ಮಾತ್ರ ಗೊತ್ತು, ಉಳಿದವರೆಲ್ಲ ಅತ್ತೆಯ ಮುಖ ನೋಡಿಯೇ ವ್ಯಾಪಾರ ಮಾಡುತ್ತಾರೆ. ಅತ್ತೆಗೆ ಮಕ್ಕಳಿಲ್ಲ. ಈ ಮಾತು ಬಂದಾಗ ಜನ ದನಿ ತಗ್ಗಿಸುತ್ತಾರೆ, ಅವಳು ತಗ್ಗಿಸುವುದಿಲ್ಲ. “ನಾ ಹಡದಿಲ್ಲ ಖರೇ. ಆದರ ನನ್ನ ಕಾಲ ಮ್ಯಾಲ ಬಿದ್ದು ಅಳದ ಕೂಸು ಈ ಮನಿತನದಾಗ ಯಾವುದೈತಿ, ತೋರಸ್ರಿ ನೋಡೂಣು!” ಎನ್ನುತ್ತಾಳೆ. ಯಾರೂ ತೋರಿಸಿಲ್ಲ. ನಾನೂ ಆ ಕಾಲ ಮೇಲೆ ಬಿದ್ದು ಅತ್ತವಳೇ.

ಕಾಲ ಮೇಲೆ ಏಕೆ ಅಂದಿರಾ? ನಮ್ಮ ಕಡೆ ಎಳೆಗೂಸಿಗೆ ಎರೆಯುವುದು ಹಾಗೆಯೇ. ಎರೆಯುವವಳು ಬಚ್ಚಲಲ್ಲಿ ಮಣೆ ಹಾಕಿಕೊಂಡು ಕೂತು, ಎರಡೂ ಕಾಲು ನೀಡಿ, ಸೀರೆಯನ್ನು ಮೊಣಕಾಲಿಗೆ ಸರಿಸಿ, ಕೂಸನ್ನು ಆ ಕಾಲುಗಳ ಮೇಲೆ ಮಲಗಿಸಿಕೊಳ್ಳುತ್ತಾಳೆ. ಮೊಣಕಾಲಿನಿಂದ ಪಾದದವರೆಗಿನ ಆ ಜಾಗವೇ ಕೂಸಿಗೆ ಹಾಸಿಗೆ. ಅಲ್ಲಿ ಎಣ್ಣೆ ತಿಕ್ಕಿ, ಮೂಗು ನೀವಿ, ಕೈಕಾಲು ಎಳೆದು, ಬಿಸಿನೀರು ಹೊಯ್ದರೆ ಕೂಸು ಮಧ್ಯಾಹ್ನದವರೆಗೆ ಏಳುವುದಿಲ್ಲ. ಅತ್ತೆ ಎರೆದ ಕೂಸು ಸಂಜೆಯಾದರೂ ಏಳುವುದಿಲ್ಲ ಎಂದು ಊರಿಗೇ ಪ್ರಸಿದ್ಧಿ.

ಇಂಥ ಕಾಲು ಮುರಿಯಿತು! ಹೇಗೆ ಮುರಿಯಿತು ಎನ್ನುವುದೂ ಅತ್ತೆಗೆ ತಕ್ಕ ಹಾಗೆಯೇ ಇದೆ. ಅಂಗಡಿಯ ಮುಂದೆ ಒಬ್ಬ ಡ್ರೈವರ್ ಲಾರಿಯನ್ನು ತಪ್ಪಾಗಿ ಹಿಂದಕ್ಕೆ ತೆಗೆಯುತ್ತಿದ್ದ. ಕೆಳಗೆ ನಿಂತು ಕೂಗಿದರೆ ಅವನಿಗೆ ಕೇಳಿಸದು ಎಂದು ಅತ್ತೆ, ಅರವತ್ತು ದಾಟಿದ ಹೆಂಗಸು, ಒಟ್ಟಿದ ಮೆಣಸಿನಕಾಯಿ ಚೀಲಗಳ ಮೇಲೆ ಹತ್ತಿ ನಿಂತು ಕೂಗಿದಳು. ಲಾರಿ ಸರಿಯಾಗಿ ತಿರುಗಿತು. ಅತ್ತೆ ಚೀಲಗಳ ಸಮೇತ ಕೆಳಗೆ ಬಂದಳು. ಎರಡು ಚೀಲ ಒಡೆದು ಅವಳು ಕೆಂಪು ರಾಶಿಯ ನಡುವೆ ಬಿದ್ದಿದ್ದರೆ, ಎತ್ತಲು ಬಂದವರೆಲ್ಲ ಘಾಟಿಗೆ ಕೆಮ್ಮಿ ಕಣ್ಣೀರು ಸುರಿಸುತ್ತಾ ನಿಂತರಂತೆ. ದೂರದಿಂದ ನೋಡಿದವರು ಯಾರೋ ತೀರಿಕೊಂಡರೆಂದು ಅಂಗಡಿ ಬಾಗಿಲು ಎಳೆಯತೊಡಗಿದರು. ಆ ಗುಂಪಿನಲ್ಲಿ ಕಣ್ಣೀರು ಹಾಕದೆ ಇದ್ದವಳು ಅತ್ತೆ ಒಬ್ಬಳೇ! “ಅಳೂದು ಬಿಟ್ಟು ಎತ್ತರ್ಯೋ!” ಎಂದು ಅವಳೇ ಅವರನ್ನು ಬೈಯಬೇಕಾಯಿತು.

ರಾಣೇಬೆನ್ನೂರಿನ ಎಲುಬಿನ ಡಾಕ್ಟರರು ಪ್ಲೇಟು ಇಟ್ಟು ಸ್ಕ್ರೂ ಬಿಗಿದರು. ಮೊದಲ ದಿನವೇ ಅತ್ತೆ ಕೇಳಿದ್ದು, “ಎಷ್ಟು ತೊಲಿ ಐತ್ರಿ ಅದು?” ಆಮೇಲೆ ನೋಡಬೇಕಿತ್ತು ಅವಳ ಠೀವಿ! ನೋಡಲು ಬಂದವರಿಗೆ ಚಹಾಕ್ಕಿಂತ ಮೊದಲು ಎಕ್ಸ್‌ರೇ ಬರುತ್ತಿತ್ತು. ಕಿಟಕಿಯ ಬೆಳಕಿಗೆ ಹಿಡಿದು, ಮದುವೆ ಆಲ್ಬಮ್ಮಿನಲ್ಲಿ ಬೀಗರನ್ನು ತೋರಿಸುವ ಹಾಗೆ ಒಂದೊಂದೇ ಸ್ಕ್ರೂ ಪರಿಚಯ ಮಾಡಿಕೊಡುತ್ತಿದ್ದಳು. ಮಳೆ ಯಾವಾಗ ಬರುತ್ತದೆಂದು ಕಾಲು ನೋಡಿ ಹೇಳುತ್ತಿದ್ದಳು. ತಪ್ಪಿದರೆ ತಪ್ಪು ಮಳೆಯದು.

ಒಮ್ಮೆ ಹಾವೇರಿಗೆ ಯಾರೋ ದೊಡ್ಡ ಮನುಷ್ಯರು ಬಂದ ಕಾರ್ಯಕ್ರಮಕ್ಕೆ ಅವಳನ್ನು ಕರೆದುಕೊಂಡು ಹೋಗಿದ್ದೆ. ನಾನು ಅಲ್ಲೇ ಹೈಸ್ಕೂಲಿನಲ್ಲಿ ಟೀಚರ್. ಬಾಗಿಲಲ್ಲಿ ಪೊಲೀಸರು ನಿಲ್ಲಿಸಿದ ಲೋಹ ಪತ್ತೆ ಮಾಡುವ ಚೌಕಟ್ಟು. ಅತ್ತೆ ಹೆಮ್ಮೆಯಿಂದ ಅದರೊಳಗೆ ಕಾಲಿಟ್ಟಳು. ಚೌಕಟ್ಟು ಸುಮ್ಮನಿತ್ತು. ಮತ್ತೆ ಹಿಂದೆ ಬಂದು ಮತ್ತೆ ಹೋದಳು. ಊಹೂಂ! “ಇದು ಕೆಟ್ಟೈತಿ ಬಿಡತ್ತಿ” ಎಂದು ನಾನು ಸಮಾಧಾನ ಹೇಳಿದರೆ, “ಇದು ಕೆಟ್ಟಿಲ್ಲ, ಆ ಡಾಕ್ಟರ್ ಹಲಕಾ ಮಾಲು ಹಾಕ್ಯಾನ” ಎಂದು ಸಂಜೆಯವರೆಗೂ ಮುಖ ಉಬ್ಬಿಸಿಕೊಂಡಿದ್ದಳು.

ಹೀಗೆ ಪ್ಲೇಟಿನೊಂದಿಗೆ ಎರಡು ವರ್ಷ ಸುಖವಾಗಿ ಸಂಸಾರ ಮಾಡಿದವಳು ಒಂದು ದಿನ ಇದ್ದಕ್ಕಿದ್ದಂತೆ ಅದನ್ನು ತೆಗೆಸಬೇಕು ಎಂದಳು. ಅದಕ್ಕೆ ಕಾರಣ ನಾನು.

ನನಗೆ ಮದುವೆಯಾಗಿ ಬಹಳ ವರ್ಷವಾಗಿತ್ತು. ಎರಡು ಸಲ ಬಸಿರು ನಿಂತು, ಎರಡು ಸಲವೂ ಉಳಿದಿರಲಿಲ್ಲ. ಮೂರನೆಯ ಸಲ ಮೂರು ತಿಂಗಳು ತುಂಬಿದ ಮೇಲೆ ಬ್ಯಾಡಗಿಗೆ ಹೋಗಿ ಅವ್ವನ ಎದುರು, ಅತ್ತೆಯ ಎದುರು ಮೆಲ್ಲಗೆ ಹೇಳಿದೆ. ಅವ್ವ ದೇವರ ಮನೆಗೆ ಹೋದಳು. ಅತ್ತೆ ನನ್ನ ಹೊಟ್ಟೆ ನೋಡಲಿಲ್ಲ, ಮುಖ ನೋಡಲಿಲ್ಲ. ತನ್ನ ಕಾಲು ನೋಡಿಕೊಂಡಳು.

“ಇದನ್ನ ತಗಸಬೇಕು,” ಎಂದಳು.

“ಯಾಕತ್ತಿ? ನೋವಾಗತೈತೇನು?”

“ನನಗ್ಯಾಕ ನೋವು? ಕೂಸಿನ ಬೆನ್ನಿಗೆ ಒತ್ತತೈತಿ.”

ಹುಟ್ಟಲು ಇನ್ನೂ ಆರು ತಿಂಗಳಿದ್ದ ಕೂಸಿನ ಬೆನ್ನು! ಆದರೆ ಅವಳ ಮಾತು ಸುಳ್ಳಲ್ಲ. ಮೊಣಕಾಲ ಕೆಳಗೆ ಒಳಮಗ್ಗುಲಲ್ಲಿ ಮಾಂಸ ಕಡಿಮೆ; ಚರ್ಮದ ಅಡಿಯಲ್ಲೇ ಪ್ಲೇಟು ದಿಂಡಿನ ಹಾಗೆ ಎದ್ದು, ಸ್ಕ್ರೂಗಳ ತಲೆ ಕೈಗೆ ಸಿಗುತ್ತಿದ್ದವು. ನನ್ನ ಕೂಸಿಗೆ ಅವಳೇ ಎರೆಯಬೇಕು, ಆ ಕಾಲ ಮೇಲೆಯೇ ಎರೆಯಬೇಕು. ಅದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಬೇಕಾದರೆ ಡಾಕ್ಟರು ಕಾಲು ಕೊಯ್ಯಲಿ!

ಅಪ್ಪ ಬೈದ. ಅವ್ವ ಅತ್ತಳು. ಟಬ್ಬಿನಲ್ಲಿ ಸ್ನಾನ ಮಾಡಿಸಿದರಾಯಿತು ಎಂದು ನಾನು ಒಂದೇ ಒಂದು ಸಲ ಹೇಳಿದೆ. “ಅದೇನು ಹೆಸರುಕಾಳೇನು, ಬುಟ್ಟ್ಯಾಗ ನೆನಿ ಇಡಾಕ?” ಎಂದಳು. ಮಾವನನ್ನು ಕೇಳಿದರೆ, “ಅಕಿ ಕಾಲು, ಅಕಿ ಕಬ್ಬಣ. ನಂದೇನೈತಿ ನಡುವ?” ಎಂದು ಪೇಟೆಗೆ ಹೋದ.

ಸರಿ, ರಾಣೇಬೆನ್ನೂರಿನ ಡಾಕ್ಟರರ ಬಳಿ ನಾನೂ ಅತ್ತೆಯೂ ಹೋದೆವು. ಬಸ್ಸಿನಲ್ಲಿ ಅತ್ತೆಯ ತೊಡೆಯ ಮೇಲೆ ಟವೆಲ್ಲಿನಲ್ಲಿ ಸುತ್ತಿದ ಒಂದು ಗಂಟು. ಏನು ಎಂದರೆ ಹೇಳಲಿಲ್ಲ. ಆದರೆ ನಾನು ಅವಳ ಪಕ್ಕ ಕೂರಲು ಹೋದರೆ “ಆ ಕಡೆ ಸೀಟಿಗೆ ಕುಂದ್ರು, ವಾಸನಿ ಸೈತ ತಗೋಬ್ಯಾಡ” ಎಂದು ದೂರ ಅಟ್ಟಿದಳು. ದಾರಿಯುದ್ದಕ್ಕೂ ಆ ಗಂಟನ್ನು ಕಿಟಕಿಯ ಕಡೆಗೇ ಹಿಡಿದಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರರು ಹೊಸ ಎಕ್ಸ್‌ರೇ ನೋಡಿ ಹೇಳಿದರು: “ಅವ್ವಾರ, ಎಲುಬು ಚಲೋ ಕೂಡೈತಿ. ಈ ವಯಸ್ಸಿನಾಗ ತಗಿಯೂ ಗರಜಿಲ್ಲರಿ. ಇರಲಿ ಬಿಡ್ರಿ, ಜೀವ ಇರೂಮಟಾ ಇರತೈತಿ.”

“ಜೀವ ಇರೂಮಟಾ ಇರಾಕ ನನ್ನ ಗಂಡ ಒಬ್ಬಾಂವ ಸಾಕ್ರಿ. ಇದನ್ನ ತಗೀರಿ.”

“ತ್ರಾಸ ಏನೈತಿ ಹೇಳ್ರಿ ಮತ್ತ?”

ಅತ್ತೆ ಗಂಟು ಬಿಚ್ಚಿ ಮೇಜಿನ ಮೇಲೆ ಇಟ್ಟಳು. ಹಣ್ಣಾದ ಪಪ್ಪಾಯಿ! ಬಸುರಿಯಾದ ನನ್ನನ್ನು ಆಚೆ ಸೀಟಿಗೆ ಅಟ್ಟಿದ್ದು ಇದಕ್ಕೇ. ಪಪ್ಪಾಯಿಯ ಗಾಳಿಯೂ ನನಗೆ ಸೋಕಬಾರದು. ಬೆಳಿಗ್ಗೆ ಎದ್ದು, ಬಚ್ಚಲಲ್ಲಿ ಕೂತು, ಆ ಪಪ್ಪಾಯಿಯನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ, ನೀರೆರೆದು ತಂದಿದ್ದಳು. ಹಣ್ಣಿನ ಬೆನ್ನಿನ ಮೇಲೆ ಸ್ಕ್ರೂ ತಲೆಗಳ ಗುರುತು ಸಾಲಾಗಿ ತಗ್ಗು ಬಿದ್ದಿದ್ದವು.

“ನಿಮ್ಮ ಎಕ್ಸ್‌ರೇ ಒಳಗಿಂದ ತೋರಸತೈತ್ರಿ,” ಎಂದಳು ಅತ್ತೆ. “ಇದು ಹೊರಗಿಂದ ತೋರಸತೈತಿ. ಕೂಸಿನ ಬೆನ್ನು ಇದಕ್ಕಿಂತ ಗಟ್ಟಿ ಇರತೈತೇನು, ನೀವ ಹೇಳ್ರಿ.”

ಡಾಕ್ಟರರು ಪಪ್ಪಾಯಿ ನೋಡಿದರು. ಅತ್ತೆಯನ್ನು ನೋಡಿದರು. ನನ್ನ ಹೊಟ್ಟೆ ನೋಡಿದರು. ಕೊನೆಗೆ ಅವರು ಗಂಭೀರವಾಗಿಯೇ ತಿಳಿಸಿ ಹೇಳಿದರು. ಸ್ಕ್ರೂ ತೆಗೆದ ಜಾಗದಲ್ಲಿ ಎಲುಬಿಗೆ ತೂತು ಉಳಿಯುತ್ತದೆ, ತುಂಬಿಕೊಳ್ಳಲು ತಿಂಗಳುಗಟ್ಟಲೆ ಬೇಕು, ಅಷ್ಟರಲ್ಲಿ ಜಾರಿದರೆ ಮತ್ತೆ ಅಲ್ಲೇ ಮುರಿಯಬಹುದು, ಆಗ ನೆಲಕ್ಕೆ ಕೂರುವುದೇ ಕನಸಾದೀತು. “ಮೂರು ತಿಂಗಳರ ಭಾಳ ಜ್ವಾಕಿ ಇರಬೇಕ್ರಿ,” ಎಂದರು.

ಅತ್ತೆ ಬೆರಳು ಮಡಚಿ ಎಣಿಸಿದಳು. ಮತ್ತೆ ನನ್ನ ಹೊಟ್ಟೆ ನೋಡಿ, “ಹೊಂದತೈತಿ ಬಿಡ್ರಿ. ಮುಂದಿನ ಸೋಮವಾರ ಬ್ಯಾಡ, ಪ್ಯಾಟಿ ಐತಿ. ಮಂಗಳವಾರ ಇಟಗೋರಿ,” ಎಂದಳು. ಮದುವೆಗೆ ಮುಹೂರ್ತ ಇಟ್ಟ ಹಾಗೆ!

ಮಂಗಳವಾರ ಸೊಂಟಕ್ಕೆ ಸೂಜಿ ಕೊಟ್ಟು ಕೆಳಗಿನ ಅರ್ಧ ಮಾತ್ರ ಜೋಮು ಹಿಡಿಸಿದರು. ಅತ್ತೆಯಲ್ಲಿ ಜೋಮು ಹಿಡಿಸಬೇಕಾದದ್ದು ಮೇಲಿನ ಅರ್ಧ ಎಂದು ಯಾರಾದರೂ ಮೊದಲೇ ಹೇಳಬಾರದಿತ್ತೆ? ಹೊರಗೆ ಬೆಂಚಿನ ಮೇಲೆ ಕೂತ ನನಗೂ ಮಾವನಿಗೂ ಅವಳ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. “ಸಾವಕಾಶ ತಿರುವ್ರಿ ಸಾಹೇಬ್ರ! ಅದು ಕಾಲೈತಿ, ಟ್ರ್ಯಾಕ್ಟರ್ ಅಲ್ಲ!” ಮಾವ ಕಣ್ಣು ಮುಚ್ಚಿ ಗೋಡೆಗೆ ಒರಗಿ, “ದನಿ ಬರಾಕತೈತಿ. ಆರಾಮ ಅದಾಳ,” ಎಂದ. ಆಮೇಲೆ ಒಂದು ಗಳಿಗೆ ಒಳಗೆ ಸದ್ದೇ ಇಲ್ಲ. ಮಾವ ತಟ್ಟನೆ ಎದ್ದು ನಿಂತ. ಅಂಗಡಿಗೆ ಬೆಂಕಿ ಬಿದ್ದರೂ ಚಪ್ಪಲಿ ಹುಡುಕಿಕೊಂಡು ನಿಧಾನಕ್ಕೆ ಏಳುವ ಮನುಷ್ಯ ಅವನು. ಅಂದು ಬರಿಗಾಲಲ್ಲೇ ಹೋಗಿ ಬಾಗಿಲಿಗೆ ಕಿವಿಗೊಟ್ಟ.

ಸದ್ದು ನಿಂತದ್ದಕ್ಕೆ ಕಾರಣವಿತ್ತು. ಒಂದು ಸ್ಕ್ರೂ ಬರಲೇ ಇಲ್ಲ. ಅದರ ತಲೆ ಮುರಿದು ಕೈಗೆ ಬಂತು, ಕಡ್ಡಿ ಎಲುಬಿನೊಳಗೆ ಉಳಿಯಿತು. ಅದನ್ನು ತೆಗೆಯಬೇಕೆಂದರೆ ಎಲುಬನ್ನು ಇನ್ನಷ್ಟು ಕೊರೆಯಬೇಕು. ಒಳಗೇ ಇರುತ್ತದೆ, ಮೇಲೆ ಎದ್ದಿಲ್ಲ, ಯಾರಿಗೂ ಒತ್ತುವುದಿಲ್ಲ ಎಂದರು ಡಾಕ್ಟರರು. ತೆಗೆದಿಟ್ಟ ಪ್ಲೇಟನ್ನೂ ಸ್ಕ್ರೂಗಳನ್ನೂ ಅತ್ತೆ ಡಬ್ಬಿಯಲ್ಲಿ ಅಲುಗಿಸಿ ನೋಡಿದಳು. “ಒಂದು ಒಳಗ ಉಳೀತಲ್ಲರಿ,” ಎಂದಳು. ಬೈಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಇನ್ನು ಮುಂದಿನ ತಿಂಗಳುಗಳ ಅತ್ತೆಯನ್ನು ನೀವು ನೋಡಿದ್ದರೆ ನಂಬುತ್ತಿರಲಿಲ್ಲ. ವಾಕರ್ ಹಿಡಿದು ನಡೆ ಎಂದರೆ ನಡೆದಳು, ಬೇಡ ಎಂದರೆ ಬಿಟ್ಟಳು. ಒದ್ದೆ ನೆಲ ಕಂಡರೆ ನಿಂತು ಯಾರನ್ನಾದರೂ ಕರೆದಳು. ಪೇಟೆಯ ದಿನವೂ ಮನೆ ಬಿಡಲಿಲ್ಲ. ಅಂಗಡಿಯಲ್ಲಿ ಮಾವನ ದನಿ ಮೊದಲ ಬಾರಿಗೆ ಕೇಳಿದ ಗಿರಾಕಿಗಳು ಬೆಚ್ಚಿಬಿದ್ದರಂತೆ! ಜೀವಮಾನದಲ್ಲಿ ಯಾರ ಮಾತೂ ಕೇಳದವಳು, ಇನ್ನೂ ಕಣ್ಣು ಬಿಡದ ಒಂದು ಜೀವದ ಮಾತು ಕೇಳುತ್ತಿದ್ದಳು. ನಾನು ರಜೆ ಹಾಕಿ ತವರಿಗೆ ಬಂದ ಮೇಲೆ ಇಬ್ಬರೂ ಪಡಸಾಲೆಯಲ್ಲಿ ಕಾಲು ನೀಡಿ ಎದುರುಬದುರು ಕೂರುತ್ತಿದ್ದೆವು. ನನಗಾದರೋ ರಾತ್ರಿಯಿಡೀ ಭಯ. ಅವಳಿಗೆ ಅದೆಲ್ಲಿಂದ ಬಂತು ಅಷ್ಟು ನಂಬಿಕೆ? ಕೂಸು ಬಂದೇ ಬರುತ್ತದೆ ಎಂದು ಕಾಲು ಕೊಯ್ಸಿಕೊಂಡು ಕೂತವಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವಳನ್ನು ನೋಡಿ ನೋಡಿಯೇ ನಾನು ದಿನ ಕಳೆದೆ.

ಕೂಸು ಬಂತು. ಹೆಣ್ಣು. ಹಾವೇರಿಯಲ್ಲಿ ಹೆರಿಗೆಯಾಗಿ, ತವರಿಗೆ ಬಂದು, ಹೊಕ್ಕಳಬಳ್ಳಿ ಉದುರಿದ ಮೇಲೆ ಎರೆಯುವ ದಿನ ಗೊತ್ತಾಯಿತು.

ಅಂದು ಬೆಳಿಗ್ಗೆ ಹಂಡೆಯಲ್ಲಿ ನೀರು ಕಾದಿತ್ತು. ಅಪ್ಪ, ಮಾವ ಇಬ್ಬರೂ ಹಿಡಿದು ಅತ್ತೆಯನ್ನು ಮಣೆಯ ಮೇಲೆ ಇಳಿಸಿ ಹೊರಗೆ ಹೋದರು. ಅವಳು ಕಾಲು ನೀಡಿದಳು, ಸೀರೆ ಸರಿಸಿದಳು. ಮೊಣಕಾಲಿನಿಂದ ಪಾದದ ಹತ್ತಿರದವರೆಗೆ ಹೊಲಿಗೆಯ ಗುರುತು. ಅವ್ವ ಕೂಸನ್ನು ತಂದಳು. ಅತ್ತೆಯ ಕೈಗಳು ಮೇಲೆದ್ದವು. ಅಲ್ಲೇ ನಿಂತವು. ಮತ್ತೆ ಕೆಳಗಿಳಿದವು.

“ತಡಿ,” ಎಂದಳು. “ಅದೊಂದು ಒಳಗ ಐತಿ.”

“ಡಾಕ್ಟರ್ ಹೇಳ್ಯಾರಲ್ಲ, ಒತ್ತಂಗಿಲ್ಲಂತ,” ಎಂದಳು ಅವ್ವ.

“ಅವರೇನು ಇಲ್ಲಿ ಮಲಕ್ಕೊಂಡು ನೋಡ್ಯಾರೇನು? ಬ್ಯಾಡ. ಬ್ಯಾರೆ ಯಾರನರ ಎರಿಯಾಕ ಕರೀರಿ. ಇಷ್ಟು ವರ್ಷಕ್ಕ ಬಂದ ಕೂಸೈತಿ ಅದು. ನನ್ನ ಕಾಲಿಂದ ಏನರ ಆತಂದ್ರ…”

ಚೀಲದ ಮೇಲಿಂದ ಬಿದ್ದಾಗ ಅಳದ ಹೆಂಗಸು, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ನಾನು ಹಸಿಬಾಣಂತಿ. ನೆಲಕ್ಕೆ ಕೂರಬೇಡ ಎಂದು ಅವ್ವ ಕೂಗಿದ್ದು ಕೇಳಿಸಿತು. ಆದರೂ ಬಗ್ಗಿ ಕೂತು, ಅತ್ತೆಯ ಕಾಲ ಮೇಲೆ ನನ್ನ ಕೆನ್ನೆ ಇಟ್ಟೆ. ಮೊಣಕಾಲಿನಿಂದ ಪಾದದವರೆಗೆ ಮೆಲ್ಲಗೆ ಸರಿಸಿಕೊಂಡು ಹೋದೆ. ಹೊಲಿಗೆಯ ಗುರುತು ತಗುಲಿತು. ಅದರಾಚೆ ಏನೂ ಇಲ್ಲ. ಬೆಚ್ಚಗೆ ಹಚ್ಚಿಕೊಂಡ ಕೊಬ್ಬರಿ ಎಣ್ಣೆ, ಅದರಡಿಯಲ್ಲಿ ಮುದಿ ಚರ್ಮ, ಅಷ್ಟೇ.

“ಒತ್ತಂಗಿಲ್ಲತ್ತಿ,” ಎಂದೆ. “ಏನೂ ಒತ್ತಂಗಿಲ್ಲ.”

ಪರೀಕ್ಷೆ ಮುಗಿದಿತ್ತು, ತಲೆ ಎತ್ತಬೇಕಿತ್ತು. ಎತ್ತಲು ಮನಸ್ಸಾಗಲಿಲ್ಲ. ಎರಡು ಸಲ ಆಸ್ಪತ್ರೆಯಿಂದ ಬರಿಗೈಲಿ ಬಂದಾಗಲೂ ಯಾರ ಮುಂದೆಯೂ ಅಳದೆ ಇದ್ದ ಅಳು ಅವಳ ಕಾಲ ಮೇಲೆಯೇ ಬಂತು. ಅತ್ತೆ ಸೆರಗು ಸರಿಸಿ, ಎಣ್ಣೆಯ ಕೈಯನ್ನು ನನ್ನ ತಲೆಯ ಮೇಲೆ ಇಟ್ಟಳು. ಎಷ್ಟು ಹೊತ್ತು ಹಾಗೇ ಬಿಟ್ಟಳೋ! ಆಮೇಲೆ ಮೆಲ್ಲಗೆ ತಟ್ಟಿ ಎಬ್ಬಿಸಿದಳು.

“ಏಳವಾ, ಏಳು. ಇನ್ನ ಎಷ್ಟೊತ್ತು ಮಲಕ್ಕೊಂತಿ? ಜಾಗಾ ಬಿಡು, ನಿನ್ನ ಮಗಳು ಬಂದಾಳ.”