ರಾಕ್ಷಸನ ಮನೆಯ ಆಸರಿಗೆ

ಮೂವರನ್ನು ಒಂದು ಗುಹೆಗೆ ನುಗ್ಗಿಸಿ ಅಲ್ಲಿನ ರಾಕ್ಷಸನನ್ನು ಕೊಲ್ಲಿಸುವುದು ಅಂಥ ಕಷ್ಟದ ಕೆಲಸವಲ್ಲ ಎಂದು ನಾನು ನಂಬಿದ್ದೆ. ಧಾರವಾಡದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಎರಡು ವರ್ಷ ಈ ಆಟ ಆಡಿದ್ದೆ. ಒಬ್ಬರು ಕಥೆ ನಡೆಸುತ್ತಾರೆ, ರಾಕ್ಷಸನ ಮಾತೂ ಅವರದೇ. ಉಳಿದವರು ಕಥೆಯೊಳಗಿನ ವೀರರು. ಏಟು ಬಿತ್ತೋ ತಪ್ಪಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಅಂಥ ದಾಳ ಶಿರಸಿಯ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಒಂದರಿಂದ ಇಪ್ಪತ್ತರವರೆಗೆ ಅಂಕಿ ಬರೆದ ಚೀಟಿಗಳನ್ನು ಚಹಾಪುಡಿಯ ಖಾಲಿ ಡಬ್ಬಿಗೆ ಹಾಕಿದೆ.

ಎಂ.ಎಸ್ಸಿ. ಮುಗಿಸಿ ಊರಿಗೆ ಮರಳಿದ ಮೇಲೆ ಮನೆಯವರನ್ನು ಬಿಟ್ಟರೆ ನನಗೆ ಮಾತಿಗೆ ಯಾರೂ ಇರಲಿಲ್ಲ. "ಬಂದು ಹೋಗಿ" ಎಂದು ಕರೆಯುವ ಜಾಯಮಾನವೂ ನನ್ನದಲ್ಲ. ಆಟದ ನೆಪದಲ್ಲಿ ಕರೆದ ಮೂವರಿಗೆ ಒಮ್ಮೆ ಅದರ ರುಚಿ ಹತ್ತಿದರೆ ಪ್ರತಿ ಭಾನುವಾರ ಅವರಾಗಿಯೇ ಬರುತ್ತಾರೆ ಎಂಬುದು ನನ್ನ ಲೆಕ್ಕಾಚಾರ. ಅದಕ್ಕಾಗಿ ತಿಂಗಳು ಕೂತು ಗುಹೆಯ ಬಗ್ಗೆ ನಲವತ್ತು ಪುಟ ಬರೆದೆ. ರಾಕ್ಷಸನ ಮೂರು ಬಗೆಯ ಗರ್ಜನೆಯನ್ನು ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಭ್ಯಾಸ ಮಾಡಿದೆ.

ಭಾನುವಾರ ಮಧ್ಯಾಹ್ನ ಮೂವರೂ ಬಂದರು: ಶಾಲೆಯ ಗೆಳತಿ ಸುಮಾ, ಅವಳ ಅಣ್ಣ ಶ್ರೀಪಾದ, ಅವನ ಜೊತೆ ಕೆಲಸ ಮಾಡುವ ಮುಂಡಗೋಡಿನ ಮಂಜುನಾಥ. ಆಟ ಶುರುವಾಗಿ ಹತ್ತು ನಿಮಿಷದಲ್ಲಿ ಕಾಡು ದಾಟಿ ಗುಹೆಯ ಬಾಗಿಲಿಗೂ ಬಂದರು. ಶ್ರೀಪಾದ ಕತ್ತಿ ಹಿರಿದ.

"ರಾಕ್ಷಸ ಹೊರಗೆ ಬಂದ. ಎಂಟಡಿ ಎತ್ತರ," ಎಂದೆ.

ಈಗ ಗರ್ಜಿಸಬೇಕು. ಮೂವರೂ ನನ್ನ ಮುಖವನ್ನೇ ನೋಡುತ್ತಿದ್ದರು. ಮೂರೂ ಗರ್ಜನೆಗಳು ಒಟ್ಟಿಗೆ ಮರೆತುಹೋದವು. ಬಾಗಿಲಿಗೆ ಬಂದವರಿಗೆ ಹೇಳಬೇಕಾದ ಮಾತು ನನಗೆ ಗೊತ್ತಿದ್ದದ್ದು ಒಂದೇ.

"ಬನ್ನಿ, ಕೂತ್ಕಳಿ. ಆಸ್ರಿಗೆ ಎಂತ ಬೇಕು?"

ದಣಿದು ಬಂದವರಿಗೆ ಕುಡಿಯಲು ಕೊಡುವುದೇ ಆಸರಿಗೆ. ರಾಕ್ಷಸರು ಅದನ್ನು ಕೊಡುವ ವಿಧಿ ಆಟದ ನಿಯಮಗಳಲ್ಲಿ ಎಲ್ಲಿಯೂ ಇಲ್ಲ.

ಅಲ್ಲಿಗೇ ತಿದ್ದಿಕೊಳ್ಳಬಹುದಿತ್ತು. ಆದರೆ ಮಾತು ಅಡುಗೆಮನೆಯಲ್ಲಿದ್ದ ಅಮ್ಮನ ಕಿವಿಗೆ ಬಿದ್ದಿತ್ತು. ಎರಡೇ ನಿಮಿಷಕ್ಕೆ ಕೋಕಂ ಪಾನಕದ ಲೋಟಗಳು ಬಂದವು. ನನ್ನ ಮಹಾಯುದ್ಧದಲ್ಲಿ ಕಂಡ ಕೆಂಪು ಅಷ್ಟೇ.

ಸುಮಾಳ ಹಿಂದೆಯೇ ಶ್ರೀಪಾದನೂ ಕುಡಿದು ಲೋಟ ಕೆಳಗಿಟ್ಟ. "ಇನ್ನು ಈ ರಾಕ್ಷಸನ್ನ ಕಡಿಯಲೆ ಬತ್ತಿಲ್ಲೆ."

"ಎಂತಕ್ಕೆ?"

"ಅವನ ಮನೇಲಿ ಆಸ್ರಿ ಕುಡದಾತು. ಮೇಲಿಂದ ಕತ್ತಿ ಎತ್ತದಾ?"

"ಅದು ನಮ್ಮನೆ ಪಾನಕ. ಗುಹೆದು ಅಲ್ಲ."

"ಆಸ್ರಿಗೆ ಬೇಕಾ ಹೇಳಿ ಕೇಳಿದ್ದು ಯಾರು? ನೀನು. ಆವಾಗ ನೀ ಯಾರು?"

ನಿಯಮದ ಪ್ರಕಾರ ನಾನು ರಾಕ್ಷಸ.

"ನಾ ಇನ್ನೂ ಕುಡಿದಿಲ್ರಿ," ಎಂದ ಮಂಜುನಾಥ. "ನಾ ಹೊಡೀತೀನಿ. ಡಬ್ಬಿ ಕೊಡ್ರಿ."

ನನ್ನ ಜೀವ ಮರಳಿತು. ಡಬ್ಬಿ ಮುಂದೆ ಚಾಚಿದೆ. ಅಷ್ಟರಲ್ಲಿ ಅಮ್ಮ ಬಾಗಿಲಿಗೆ ಬಂದರು.

"ನೀವೆಂತ ಕುಡದ್ದೇ ಇಲ್ಲೆ? ಸಕ್ರೆ ಕಡಿಮೆ ಆತಾ?"

"ಇಲ್ರೀ ಅಮ್ಮಾರ, ಛಲೋ ಐತ್ರಿ," ಎಂದು ಮಂಜುನಾಥ ಗಾಬರಿಯಲ್ಲಿ ಒಂದೇ ಗುಟುಕಿಗೆ ಲೋಟ ಮುಗಿಸಿದ. ಕೊನೆಯ ವೀರನೂ ಹೋದ.

ಕೂತಮೇಲೆ ಸುಮ್ಮನಿರಲಾಗುತ್ತದೆಯೇ? ಸುಮಾ ವಿಚಾರಿಸತೊಡಗಿದಳು. "ಅಲ್ದಾ ರಾಕ್ಷಸಣ್ಣ, ನಿನ್ನ ಹೆಂಡ್ತಿ ತೌರು ಯಾವೂರು?"

ನಲವತ್ತು ಪುಟಗಳಲ್ಲಿ ಅವನಿಗೆ ಹೆಂಡತಿಯೇ ಇರಲಿಲ್ಲ. "ಉಮ್ಮಚಗಿ," ಎಂದುಬಿಟ್ಟೆ.

"ನಮ್ಮಮ್ಮನ ತೌರೂ ಅದೇಯ," ಎಂದ ಶ್ರೀಪಾದ. "ಹಂಗಾರೆ ನೀ ನಂಗೆ ಭಾವನೇ ಆತಲ."

ಸಂಜೆಯವರೆಗೆ ರಾಕ್ಷಸನ ಮಕ್ಕಳ ಓದು, ಅವನ ಮಂಡಿನೋವು, ಹೆಂಡತಿಯ ಸಿಟ್ಟು, ಎಲ್ಲದರ ಚರ್ಚೆಯಾಯಿತು. ಒಂದೂ ಚೀಟಿ ಡಬ್ಬಿಯಿಂದ ಹೊರಬರಲಿಲ್ಲ. ಭಾವನಿಗೆ ಮನೆಗೆ ಬರಲು ಹೇಳಿ ಮೂವರೂ ಎದ್ದುಹೋದರು. ಮುಂದಿನ ಭಾನುವಾರದ ಮಾತನ್ನು ಯಾರೂ ಎತ್ತಲಿಲ್ಲ. ನಾನಾಗಿ ಕೇಳುವ ಧೈರ್ಯ ನನಗಿರಲಿಲ್ಲ. ನಲವತ್ತು ಪುಟಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದೆ.

ಗುರುವಾರ ಸುಮಾ ಫೋನ್ ಮಾಡಿದಳು.

"ಕೂಸೆ, ಈ ಭಾನುವಾರ ರಾಕ್ಷಸ ಮನೇಲಿರ್ತ್ನಾ?"

"ಇರ್ತ," ಎಂದೆ, ಆದಷ್ಟು ಸಂತೋಷ ಮುಚ್ಚಿಟ್ಟುಕೊಂಡು.

"ಹಂಗಾರೆ ಮೂರೂ ಜನ ಬತ್ಯ," ಎಂದಳು. ಆಮೇಲೆ ಏನೋ ನೆನಪಾದವಳಂತೆ ಸೇರಿಸಿದಳು: "ನೀ ಇದ್ರೂ ಅಡ್ಡಿಲ್ಲೆ."