ಮೂವರು ತೋರಿದ ದಾರಿ

ಪೂರಿಗಾಲಿಯ ಗೋದಮ್ಮನವರಿಂದ ಈ ಕತೆಯನ್ನು ಕೇಳಿದೆ. ಮದ್ದೂರಿನಲ್ಲಿ ಹೇಳುವ ಪಾಠದಲ್ಲಿ ಉಪ್ಪಿಟ್ಟಿನ ಬದಲು ವಡೆ ಬರುತ್ತದೆ, ಮಿಕ್ಕದ್ದೆಲ್ಲ ಒಂದೇ.

ಮಳವಳ್ಳಿಯ ರಘುನಂದನ್‌ಗೆ ಅಂದು ಕಾಲೇಜಿನಲ್ಲಿ ಪಿಎಚ್.ಡಿ. ಮೌಖಿಕ ಪರೀಕ್ಷೆ. ಅದು ಮುಗಿದೊಡನೆ ಎದುರುಮನೆಯ ಕರಿಯಪ್ಪನವರಲ್ಲಿ ಅವರ ಮಗಳು ಚಂದನಳನ್ನು ಕೇಳಬೇಕೆಂದು ಅವನ ಗುಟ್ಟಿನ ಸಂಕಲ್ಪ. ಸಂಜೆ ಅವಳನ್ನು ನೋಡಲು ಮಂಡ್ಯದಿಂದ ಗಂಡಿನ ಕಡೆಯವರು ಬರುವವರಿದ್ದರು, ಅಷ್ಟರೊಳಗೆ ಕೇಳಬೇಕಿತ್ತು.

ಅವನ ಸಂಶೋಧನೆ ಕ್ವಾಂಟಂ ಗಣಕಗಳದು. ಅಲ್ಲಿನ ಕಣಗಳು ಮದುವೆಮನೆಯ ಮಕ್ಕಳಂತೆ, ಹೇಳಿದಲ್ಲಿ ಕೂರುವುದಿಲ್ಲ. ಆದ್ದರಿಂದ ಒಂದೇ ಮಾಹಿತಿಯನ್ನು ಹಲವು ಕಣಗಳಿಗೆ ಹಂಚಬೇಕು. ಒಂದು ತಪ್ಪಿದರೆ ಮಿಕ್ಕವು ತಿದ್ದುತ್ತವೆ. ಕೆಲಸವನ್ನೂ ಒಂದೊಂದು ಕಣಕ್ಕೂ ಬೇರೆಬೇರೆಯಾಗಿಯೇ ಕೊಡಬೇಕು. ಒಂದರ ತಪ್ಪು ಮತ್ತೊಂದಕ್ಕೆ ಅಂಟಬಾರದು. ಆದರೆ ಈ ಕ್ಷೇಮದ ದಾರಿಯೊಂದರಿಂದಲೇ ಎಲ್ಲ ಲೆಕ್ಕವೂ ಆಗದು. ಉಳಿಯುವ ಒಂದು ಕ್ರಿಯೆಗೆ, ಬೇರೆಡೆ ಶೋಧಿಸಿ ಸಿದ್ಧಪಡಿಸಿದ ವಿಶೇಷ ಸ್ಥಿತಿಯನ್ನು ಹೊರಗಿನಿಂದ ತರಬೇಕು.

ಪರೀಕ್ಷಕ ಜಯಪ್ರಕಾಶ್ ಮೈಸೂರಿನಿಂದ ಬಸ್ಸಿನಲ್ಲಿ ಬರುವವರು. ರಘುನಂದನ್ ಶಾಸ್ತ್ರೋಕ್ತವಾಗಿ ನೆರೆಯವರನ್ನು ಮೂರು ಕಡೆ ನಿಲ್ಲಿಸಿದ: ಬಸ್ ನಿಲ್ದಾಣದಲ್ಲಿ ಬೆಟ್ಟಮ್ಮ, ಮಾರುಕಟ್ಟೆಯ ತಿರುವಿನಲ್ಲಿ ಅಶೋಕ್, ಕಾಲೇಜು ರಸ್ತೆಯಲ್ಲಿ ಮರಿಸಿದ್ದಯ್ಯ. “ಕನ್ನಡಕದವ್ರು ಬತ್ತಾರೆ, ಕಾಲೇಜಿಗೆ ಕಳ್ಸಿ” ಎಂದು ಹೇಳಿ ತಾನು ಮುಂದೆ ಹೋದ.

ಬಸ್ಸು ತಡವಾಯಿತು. ಮೂವರೂ ಟೀ ಅಂಗಡಿಯಲ್ಲಿ ಸೇರಿದರು.

“ಅದು ಚಂದನನ ನೋಡಕ್ ಬರೋ ಗಂಡಿನ ಅಪ್ಪ ಕಣ್ಲಾ,” ಎಂದಳು ಬೆಟ್ಟಮ್ಮ. “ನಮ್ ರಗು ಓದಿ ಓದಿ ಒಂದಕ್ಕೊಂದು ಬೆರ್ಸವ್ನೆ.”

“ಸರ್ಯಾಗ್ ಏಳ್ದೆ ಕಣಕ್ಕ,” ಎಂದ ಅಶೋಕ್. ಮರಿಸಿದ್ದಯ್ಯ ತಲೆಯಾಡಿಸಿದ. ಒಬ್ಬಳ ತಪ್ಪು ಮೂವರಿಗೂ ಅಂಟಿತು. ಅಂಟಿಸಿಕೊಂಡೇ ತಂತಮ್ಮ ಜಾಗಕ್ಕೆ ಮರಳಿದರು.

ಜಯಪ್ರಕಾಶ್ ಇಳಿದು ದಾರಿ ಕೇಳಿದಾಗ ಬೆಟ್ಟಮ್ಮ, “ಕಾಲೇಜು ಎಲ್ಗೂ ಓಡೋಗಕ್ಕಿಲ್ಲ ಸಾ, ಮೊದ್ಲು ಕರಿಯಪ್ಪನ ಮನ್ಗೆ ಓಗಿ” ಎಂದಳು. ತಿರುವಿನಲ್ಲೂ ಅದೇ ಉತ್ತರ, ರಸ್ತೆಯಲ್ಲೂ ಅದೇ. ಮೂರೂ ಒಂದಾದರೆ ಸಂಶಯಪಡಬಾರದೆಂಬುದು ಜಯಪ್ರಕಾಶರ ಶಾಸ್ತ್ರವೂ ಹೌದು. ಕಾಲೇಜಿನವರೇ ತಿಂಡಿಗೆ ಏರ್ಪಾಡು ಮಾಡಿರಬೇಕೆಂದುಕೊಂಡು ಹೋಗಿ ಉಪ್ಪಿಟ್ಟು ತಿಂದರು. ಕಾಫಿ ತಂದ ಹುಡುಗಿ ಗಣಿತದ ಎಂ.ಎಸ್ಸಿ. ಎಂದು ತಿಳಿದಾಗ ಮಾತು ಬೆಳೆಯಿತು. ಬೆಳೆದು ತಮ್ಮ ಮಗನವರೆಗೂ ಹೋಯಿತು.

ಮಧ್ಯಾಹ್ನ ಕಳೆದ ಮೇಲೆ ಪರೀಕ್ಷೆ ನಡೆಯಿತು.

“ಉಳಿದ ಆ ಒಂದು ಕ್ರಿಯೆಗೆ?”

“ಹೊರಗಿನಿಂದಲೇ ತರಬೇಕು ಸರ್.”

“ನಿಜ, ಡಾಕ್ಟರ್ ರಘುನಂದನ್!” ಎಂದು ಜಯಪ್ರಕಾಶ್ ಕೈಕುಲುಕಿದರು.

ಡಾಕ್ಟರು ಓಡೋಡಿ ಬಂದಾಗ ಕರಿಯಪ್ಪನವರು ಜಗಲಿಯಲ್ಲೇ ತಬ್ಬಿಕೊಂಡರು. “ಬಾರ್ಲಾ ರಗು! ಮಂಡ್ಯದೋರ್ಗೆ ಬರ್ಬೇಡಿ ಅಂದ್ಬುಟ್ಟೆ. ನಿಮ್ ಮೈಸೂರ್ ಮೇಷ್ಟ್ರು ತಮ್ ಮಗನ್ನ ಫೋನಲ್ಲಿ ಮಾತಾಡ್ಸುದ್ರು, ಚಂದನನೂ ಊಂ ಅಂದ್ಲು. ಎಲ್ಲಾ ನಿನ್ನಿಂದ ಕಣ್ಲಾ!”

ಕರಿಯಪ್ಪನವರು ಸಕ್ಕರೆ ತರಲು ಒಳಗೆ ಹೋದರು. ಬಾಗಿಲಲ್ಲಿ ನಿಂತಿದ್ದ ಚಂದನಳಿಗೆ ರಘುನಂದನ್ ತಗ್ಗಿದ ದನಿಯಲ್ಲಿ, “ಇವತ್ತು ನಿಮ್ಮಪ್ಪನ್ನ ನಾನೇ ಕೇಳೋನಿದ್ದೆ” ಎಂದ.

ಅವಳು ಹೊಸ್ತಿಲು ದಾಟಿ ಬಂದಳು. “ಆ ಮೇಷ್ಟ್ರು ಬರೋದ್ನ ಮೂರು ಜನಕ್ಕೆ ಹೇಳ್ದೆ. ಇದ್ನ ಒಬ್ರಿಗಾದ್ರೂ ಹೇಳಿದ್ಯಾ ರಘು? ನಂಗಾದ್ರೂ?”

ಇದಕ್ಕೆ ರಘುನಂದನ್ ಏನೆಂದನೆಂಬುದು ಎರಡು ಪಾಠಗಳಲ್ಲೂ ಇಲ್ಲ.