ಇಂಗ್ಲಿಷ್ ಟೀಚರು ಅನುಮತಿಯಿಲ್ಲದೆ ಹಿಮ ನೋಡಿದ ಬಗ್ಗೆ

ಬೇಸಿಗೆ ರಜಾ ವಿನಿಯೋಗ ಶಾಖೆ
(ಇಂಜಿನಿಯರುಗಳ ಹಿತದೃಷ್ಟಿಯಿಂದ ಇಂಜಿನಿಯರುಗಳೇ ರಚಿಸಿಕೊಂಡಿರುವುದು)

ಕಡತ ಸಂಖ್ಯೆ: ಬೇರವಿ/ಇಂಶಿ/ಸೇತುವೆ/೭/೧೯೯೯
ಸ್ಥಳ: ಯೂನಿಯನ್ ಸಿಟಿ, ಕ್ಯಾಲಿಫೋರ್ನಿಯಾ
ದಿನಾಂಕ: ೧೨ ಜುಲೈ ೧೯೯೯

ಸುತ್ತೋಲೆ

ವಿಷಯ: ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಶಾಲೆಗಳಲ್ಲಿ ಸೇವೆಯಲ್ಲಿರುವ ಕನ್ನಡ ನಾಡಿನ ಇಂಗ್ಲಿಷ್ ಶಿಕ್ಷಕರು ಬೇಸಿಗೆ ರಜೆಯಲ್ಲಿ ತಮಗೆ ಇಷ್ಟಬಂದ ಕಡೆಗೆ ಪ್ರಯಾಣ ಮಾಡುತ್ತಿರುವುದನ್ನು ತಡೆಗಟ್ಟುವ ಕುರಿತು.

ಉಲ್ಲೇಖ: ೧. ಇದೇ ಶಾಖೆಯ ಹಿಂದಿನ ಸುತ್ತೋಲೆ (ಯಾರೂ ಓದಿರುವುದಿಲ್ಲ).
೨. ಶಿಕ್ಷಕಿ ಶ್ರೀಮತಿ ರಮಾ ಇವರು ಪ್ರತಿ ಬೇಸಿಗೆಯಲ್ಲೂ ಸಲ್ಲಿಸುತ್ತಾ ಬಂದಿರುವ ಮನವಿ.
೩. ಪ್ರಭಾರ ಅಧಿಕಾರಿಯವರ ಮನೆಯ ಆನ್ಸರಿಂಗ್ ಮಷೀನಿನಲ್ಲಿ ದಾಖಲಾದ ಧ್ವನಿ.

ಪ್ರಸ್ತಾವನೆ:

ರಾಯಚೂರು ಮೂಲದ ಶ್ರೀಮತಿ ರಮಾ ಇವರು ಯೂನಿಯನ್ ಸಿಟಿಯ ಶಾಲೆಯೊಂದರಲ್ಲಿ ಇಂಗ್ಲಿಷ್ ಶಿಕ್ಷಕಿಯಾಗಿದ್ದು, ಅವರ ಒಪ್ಪಂದದ ಅವಧಿ ಈ ಆಗಸ್ಟಿಗೆ ಮುಗಿಯುವುದರಿಂದ ಅವರು ಊರಿಗೆ ಹಿಂದಿರುಗುವವರಿರುತ್ತಾರೆ. ಸದರಿಯವರು ಕಳೆದ ವಾರ, ಊರಿನಿಂದ ಬಂದು ಇಲ್ಲಿ ಮಕ್ಕಳ ಮನೆಯಲ್ಲಿರುವ ಆರು ಮಂದಿ ಹಿರಿಯರನ್ನು ಜೊತೆಗೆ ಕರೆದುಕೊಂಡು, ಈ ಶಾಖೆಯ ಗಮನಕ್ಕೆ ತಾರದೆ, ಹಿಮ ನೋಡಲು ತೆರಳಿರುವುದು ಕಂಡುಬಂದಿರುತ್ತದೆ. ಈ ಹಿನ್ನೆಲೆಯಲ್ಲಿ ಕೆಳಕಂಡ ನಿಯಮಗಳನ್ನು ಎಲ್ಲ ಇಂಗ್ಲಿಷ್ ಶಿಕ್ಷಕರೂ ಚಾಚೂ ತಪ್ಪದೆ ಪಾಲಿಸತಕ್ಕದ್ದೆಂದು ತಿಳಿಯಪಡಿಸಿದೆ.

೧. ರಜೆಯ ಒಡೆತನ: ಇಂಜಿನಿಯರುಗಳಿಗೆ ವರ್ಷಕ್ಕೆ ಎರಡು ವಾರ ರಜೆಯಿದ್ದು, ಕಂಪನಿ ಇನ್ನೇನು ಷೇರುಪೇಟೆಗೆ ಬರಲಿದೆ ಎಂಬ ಕಾರಣದಿಂದ ಅದನ್ನೂ ಯಾರೂ ತೆಗೆದುಕೊಂಡಿರುವುದಿಲ್ಲ. ಶಿಕ್ಷಕರಿಗಾದರೋ ಇಡೀ ಬೇಸಿಗೆ ರಜೆಯಿರುತ್ತದೆ. ಅಷ್ಟು ರಜೆಯನ್ನು ಒಬ್ಬೊಬ್ಬರೇ ಅನುಭವಿಸುವುದು ನಮ್ಮ ಸಂಸ್ಕೃತಿಯಲ್ಲವಾದ್ದರಿಂದ, ಸದರಿ ರಜೆಯನ್ನು ಸಮುದಾಯದ ಸ್ವತ್ತೆಂದು ಪರಿಗಣಿಸಲಾಗಿದೆ. ಶಿಕ್ಷಕರಿಗೆ ಅಪಾರ್ಟ್‌ಮೆಂಟು ಹುಡುಕಿಕೊಟ್ಟವರು, ವಿಮಾನ ನಿಲ್ದಾಣದಿಂದ ಕರೆತಂದವರು ಮತ್ತು ಒಮ್ಮೆ ಊಟಕ್ಕೆ ಕರೆದವರು ಈ ಸ್ವತ್ತಿನಲ್ಲಿ ಸಮಪಾಲು ಹೊಂದಿರುತ್ತಾರೆ.

೨. ಸೇತುವೆ ದರ್ಶನ: ಊರಿನಿಂದ ಬಂದ ತಂದೆತಾಯಿಯರಿಗೆ ಸ್ಯಾನ್ ಫ್ರಾನ್ಸಿಸ್ಕೋದ ಕೆಂಪು ಸೇತುವೆ ತೋರಿಸುವುದು ಮಕ್ಕಳ ಆದ್ಯ ಕರ್ತವ್ಯವಾಗಿದ್ದು, ಈ ಕರ್ತವ್ಯವನ್ನು ಶಿಕ್ಷಕರು ನಿರ್ವಹಿಸತಕ್ಕದ್ದು. ಪುಳಿಯೋಗರೆಯನ್ನು ತಾಯಂದಿರೇ ಕಟ್ಟಿಕೊಂಡು ಬರತಕ್ಕದ್ದು.

೩. ಬೇಸಿಗೆಯಲ್ಲಿ ಮಂಜು ಕವಿದು ಸೇತುವೆ ಕಾಣದೇ ಇರುವ ಸಂಭವ ಹೆಚ್ಚಿದ್ದು, ಅಂಥ ಸಂದರ್ಭದಲ್ಲಿ ಶಿಕ್ಷಕರು ಮಂಜಿನ ಕಡೆಗೆ ಬೆರಳು ತೋರಿಸಿದರೆ ಸೇತುವೆ ತೋರಿಸಲಾಗಿದೆಯೆಂದೇ ಭಾವಿಸತಕ್ಕದ್ದು. “ಎಲ್ಲೈತ್ರಿ ಸೇತುವೆ? ಬರೇ ಹೊಗಿ ಐತಿ” ಎಂಬ ದ್ಯಾಮವ್ವನವರ (ಇಂಜಿನಿಯರ್ ಶಶಿಧರರ ತಾಯಿ) ಆಕ್ಷೇಪಣೆಯನ್ನು ಪರಿಶೀಲಿಸಿ ತಿರಸ್ಕರಿಸಲಾಗಿದೆ.

೪. ಫೋಟೋ: ಊರಿಗೆ ಕಳಿಸುವ ಫೋಟೋದಲ್ಲಿ ಮಗ ಇರುವುದಿಲ್ಲವಾದ್ದರಿಂದ, ಫೋಟೋ ತೆಗೆಯುತ್ತಿರುವವನೇ ಮಗ ಎಂದು ನೋಡಿದವರಿಗೆ ಅನಿಸುವಂತೆ ಹಿರಿಯರು ಕ್ಯಾಮೆರಾವನ್ನು ವಾತ್ಸಲ್ಯದಿಂದ ನೋಡತಕ್ಕದ್ದು. ಶಿಕ್ಷಕರ ನೆರಳು ಚಿತ್ರದಲ್ಲಿ ಬೀಳಕೂಡದು. ಸೀರೆಯ ಕೆಳಗೆ ಬಿಳಿ ಶೂ ಕಾಣುವುದಕ್ಕೆ ಮಾತ್ರ ಅಭ್ಯಂತರವಿರುವುದಿಲ್ಲ.

೫. ಕಲಿಸಬಾರದ ಇಂಗ್ಲಿಷ್: ವ್ಯಾನಿನಲ್ಲಿ ಹೋಗಿ ಬರುವಾಗ ಶ್ರೀಮತಿ ರಮಾ ಇವರು ಹಿರಿಯರಿಗೆ ಇಂಗ್ಲಿಷ್ ಹೇಳಿಕೊಟ್ಟಿರುವುದು ವಿಚಾರಣೆಯಿಂದ ತಿಳಿದುಬಂದಿದೆ. “ಥ್ಯಾಂಕ್ಯೂ” ಎಂಬುದರವರೆಗೆ ಶಾಖೆಯ ಆಕ್ಷೇಪವಿಲ್ಲ. ಆದರೆ ಅದರ ಹಿಂದೆ “ನೋ” ಸೇರಿಸಿ ಕಲಿಸಿರುವುದು ಗಂಭೀರ ಕರ್ತವ್ಯಲೋಪವಾಗಿರುತ್ತದೆ. ಆಫೀಸಿನ ಪಾರ್ಟಿಗೆ ನೂರು ಹೋಳಿಗೆ ಮಾಡಿಕೊಡುವಂತೆ ಕೋರಿದಾಗ, ಪ್ರಭಾರ ಅಧಿಕಾರಿಯವರ ತಾಯಿ, ಮಂಡ್ಯ ಮೂಲದ ಶ್ರೀಮತಿ ಲಿಂಗಮ್ಮನವರು ಸೋಫಾದಿಂದ ಏಳದೆ “ನೋ, ಥ್ಯಾಂಕ್ಯೂ” ಎಂದಿರುತ್ತಾರೆ. ಸದರಿ ಪಾರ್ಟಿಯಲ್ಲಿ ಅಂಗಡಿಯ ಬಿಸ್ಕತ್ತು ಹಂಚಿದ್ದರಿಂದ ಮಂಡ್ಯ ಜಿಲ್ಲೆಯ ಮಾನ ಹರಾಜಾಗಿರುತ್ತದೆ. ಇನ್ನು ಮುಂದೆ ಹಿರಿಯರಿಗೆ ಇಂಗ್ಲಿಷ್ ಕಲಿಸುವ ಶಿಕ್ಷಕರು “ಎಸ್” ಎಂಬ ಪದದಿಂದ ಆರಂಭಿಸಿ ಅಲ್ಲಿಗೇ ಮುಗಿಸತಕ್ಕದ್ದು.

೬. ಸ್ವಂತ ಪ್ರಯಾಣ: ಶಿಕ್ಷಕರು ಸ್ವಂತ ಪ್ರಯಾಣಕ್ಕೆ ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸತಕ್ಕದ್ದು, ಮೂರನ್ನೂ ಬೇರೆ ಬೇರೆಯಾಗಿ ತಿರಸ್ಕರಿಸಲಾಗುವುದು. ಶ್ರೀಮತಿ ರಮಾ ಇವರು ತಮ್ಮ ಮನವಿಯಲ್ಲಿ, “ರಾಯಚೂರಿನ ಬಿಸಿಲಾಗ ನಿಂತು, ಹಿಂಜಿದ ಅರಳಿ ತೋರ್ಸಿ, ಹುಡುಗ್ರಿಗೆ ಹಿಮ ಅಂದ್ರ ಹಿಂಗ ಇರತೈತಿ ಅಂತ ಇಷ್ಟು ವರ್ಷ ಪಾಠ ಮಾಡೀನ್ರಿ. ಸುಳ್ಳ ಹೇಳೀನೋ ಖರೇ ಹೇಳೀನೋ ನನಗ ಗೊತ್ತಿಲ್ಲ. ಇಲ್ಲಿಂದ ಅರ್ಧ ದಿನದ ದಾರಿ. ಒಮ್ಮೆ ಮುಟ್ಟಿ ಬರ್ತೀನಿ” ಎಂದು ವಿನಂತಿಸಿರುತ್ತಾರೆ. ಮೊದಲ ಬೇಸಿಗೆಯಲ್ಲಿ, ಸೇತುವೆ ನೋಡದ ಹಿರಿಯರು ಬಾಕಿ ಇದ್ದಾರೆಂಬ ಕಾರಣಕ್ಕೂ, ಎರಡನೆಯದರಲ್ಲಿ ನೋಡಿದವರೇ ಮತ್ತೊಮ್ಮೆ ಬಂದಿದ್ದಾರೆಂಬ ಕಾರಣಕ್ಕೂ ಮನವಿಯನ್ನು ಮುಂದೂಡಲಾಗಿತ್ತು. ಈ ವರ್ಷ, ಇಸವಿ ಎರಡು ಸಾವಿರ ಬಂದೊಡನೆ ಜಗತ್ತಿನ ಕಂಪ್ಯೂಟರುಗಳೆಲ್ಲ ಕೆಡಲಿದ್ದು ಇಂಜಿನಿಯರುಗಳಿಗೆ ಉಸಿರಾಡಲೂ ಪುರಸೊತ್ತಿಲ್ಲವೆಂದೂ, ಹಿಮ ನೋಡಲೇಬೇಕಿದ್ದಲ್ಲಿ ಫ್ರಿಜ್ಜಿನ ಮೇಲಿನ ಬಾಗಿಲು ತೆರೆದು ನೋಡಿಕೊಳ್ಳಬಹುದೆಂದೂ ಹಿಂಬರಹ ನೀಡಲಾಗಿತ್ತು. ಹಿಂಬರಹ ಓದಿದ ಸದರಿಯವರು “ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದಂಗಾತು” ಎಂದಿದ್ದು, ಎತ್ತು ಯಾರು ಎಂಬ ಬಗ್ಗೆ ಅವರಿಂದ ಸ್ಪಷ್ಟೀಕರಣ ಕೇಳಲಾಗಿದೆ.

೭. ಘಟನೆಯ ವಿವರ: ಕಳೆದ ಗುರುವಾರ ಸೇತುವೆಗೆಂದು ಹೊರಟ ವ್ಯಾನು ಯೂನಿಯನ್ ಸಿಟಿಯ ರೈಲು ನಿಲ್ದಾಣದಲ್ಲಿ ನಿಂತಿರುವುದು ಪತ್ತೆಯಾಗಿದೆ. ಹಿಂದಿನ ಮೂರೂ ಸಲ ಮಂಜನ್ನೇ ನೋಡಿ ಬಂದಿದ್ದ ಲಿಂಗಮ್ಮನವರೇ “ಆ ಹೊಗೆ ಯಾವನಿಗ್ ಬೇಕವ್ವ, ನೀನ್ ಯೋಳ್ತಿದ್ಯಲ್ಲ, ಅಲ್ಲಿಗೇ ನಡಿ” ಎಂದು ಶಿಕ್ಷಕಿಯ ಕೈ ಹಿಡಿದು ಇಳಿದರೆಂದು ತಿಳಿದುಬಂದಿದೆ. ಅಲ್ಲಿಂದ ಎಲ್ಲರೂ ರೈಲು ಹತ್ತಿ, ನಡುವೆ ಬದಲಿಸಿ, ಪುಳಿಯೋಗರೆ ಸಹಿತ, ಬೆಟ್ಟದ ಮೇಲಿನ ಟ್ರಕೀ ಊರನ್ನು, ಅಲ್ಲಿಂದ ಬೇಸಿಗೆಯಲ್ಲೂ ಹಿಮ ಉಳಿದಿರುವ ಶಿಖರದ ಬದಿಯನ್ನು ತಲುಪಿರುತ್ತಾರೆ. ಹಿರಿಯರು ದಾರಿಯನ್ನು ತಾವೇ ಇಂಗ್ಲಿಷಿನಲ್ಲಿ ಕೇಳಿಕೊಂಡಿದ್ದು, ಉತ್ತರ ಅರ್ಥವಾಗದ ಕಡೆಗಳಲ್ಲಿ ನಕ್ಕಿರುತ್ತಾರೆ.

೮. ಪರಿಣಾಮ: ಬೇಸಿಗೆಯಲ್ಲಿ ಮಕ್ಕಳ ಶಾಲೆಗೂ ರಜೆಯಿದ್ದು, ಆ ಮಕ್ಕಳನ್ನು ನೋಡಿಕೊಳ್ಳಲು ಅಜ್ಜಿಯರನ್ನು ಕರೆಸಿಕೊಳ್ಳಲಾಗಿರುತ್ತದೆ. ವಾರದಲ್ಲಿ ಗುರುವಾರ ಒಂದು ದಿನ ಮಾತ್ರ ಮಕ್ಕಳನ್ನು ಡೇಕೇರಿಗೆ ಕಳಿಸಿ ಅಜ್ಜಿಯರನ್ನು ಸೇತುವೆಗೆ ಬಿಡಲಾಗುತ್ತಿತ್ತು. (ಅಜ್ಜಿಯರನ್ನು ಊರಿನಿಂದ ಕರೆಸುವಾಗ ತಿಳಿಸಿದ್ದು ಸೇತುವೆಯ ವಿಚಾರ ಮಾತ್ರ.) ಶುಕ್ರವಾರ ಬೆಳಿಗ್ಗೆ ಆರು ಮನೆಗಳಲ್ಲಿ ಇಂಜಿನಿಯರುಗಳು ಸ್ವಂತ ಮಕ್ಕಳೊಂದಿಗೆ ಏಕಾಂಗಿಯಾಗಿ ಸಿಕ್ಕಿಬಿದ್ದಿರುತ್ತಾರೆ. ಅಜ್ಜಿ ಎಲ್ಲಿ ಎಂದು ಕನ್ನಡದಲ್ಲಿ ಕೇಳಿದ್ದಕ್ಕೆ ಶಶಿಧರರ ಮಗಳು “ಅಜ್ಜಿ ಈಸ್ ಆನ್ ವೆಕೇಶನ್, ಡ್ಯಾಡ್” ಎಂದು ಉತ್ತರಿಸಿರುತ್ತಾಳೆ. ಶಶಿಧರರು ಮೀಟಿಂಗಿಗೆ ಫೋನಿನಲ್ಲೇ ಹಾಜರಾಗಿದ್ದು, ಮಗು ಹಾಲು ಚೆಲ್ಲಿದ ಸದ್ದನ್ನು ಆಫೀಸಿನವರೆಲ್ಲರೂ ಕೇಳಿರುತ್ತಾರೆ. ಹಣ ಕೊಟ್ಟು ವಾರವಿಡೀ ಡೇಕೇರಿಗೆ ಕಳಿಸಿದರೆ ಎಷ್ಟಾಗುತ್ತದೆಂದು ವಿಚಾರಿಸಿದ ಬಳಿಕ, ಅಜ್ಜಿಯರ ಮೇಲಿನ ಗೌರವ ಎಲ್ಲ ಮನೆಗಳಲ್ಲಿಯೂ ಏಕಾಏಕಿ ಹೆಚ್ಚಿರುವುದಾಗಿ ವರದಿಯಾಗಿದೆ.

೯. ಶಿಸ್ತು ಕ್ರಮ: ಶ್ರೀಮತಿ ರಮಾ ಇವರು ಹಿಂದಿರುಗಿದ ಕೂಡಲೇ ಸೇತುವೆಯನ್ನು ಎರಡು ಬಾರಿ ನೋಡತಕ್ಕದ್ದು. ನೋಡಿದ ಹಿಮವನ್ನು ನೋಡಿಲ್ಲವೆಂದು ಪರಿಗಣಿಸಿ ಆದೇಶಿಸಲಾಗಿದೆ. ಉಳಿದ ಶಿಕ್ಷಕರು ಹಿಮ, ಮರುಭೂಮಿ, ಜಲಪಾತ ಮತ್ತು ತಮ್ಮ ಸ್ವಂತ ಊರನ್ನು ನೋಡುವ ಆಸೆಯನ್ನು ಶಾಲೆ ತೆರೆದಿರುವ ಅವಧಿಯಲ್ಲಿ ಮಾತ್ರ ಪಡತಕ್ಕದ್ದು.

೧೦. ಈ ಸುತ್ತೋಲೆಯ ಭಾಷೆ ಮನೆಯವರಿಗೇ ಅರ್ಥವಾಗುವುದಿಲ್ಲವೆಂಬ ದೂರು ಬಂದಿರುತ್ತದೆ. ಪ್ರಭಾರ ಅಧಿಕಾರಿಯವರ ತಂದೆ ಮಂಡ್ಯದ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು, ಸದರಿ ಭಾಷೆ ಪಿತ್ರಾರ್ಜಿತವಾಗಿರುವುದರಿಂದ ಬದಲಿಸಲು ಬರುವುದಿಲ್ಲ.

೧೧. ಉಲ್ಲೇಖ (೩)ರ ಧ್ವನಿಯನ್ನು ಸಾಕ್ಷ್ಯವಾಗಿ ಇಲ್ಲಿ ಯಥಾವತ್ತಾಗಿ ನಮೂದಿಸಲಾಗಿದೆ: “ಚೆಲುವ, ನಾನ್ ಕಣಪ್ಪ, ನಿಮ್ಮವ್ವ. ಟೀಚರಮ್ಮ ಹಿಮ ಮುಟ್ಟುದ್ರು ಕಣೋ. ಮುಟ್ಬುಟ್ಟು, ‘ನಾ ಹುಡುಗ್ರಿಗೆ ಸುಳ್ಳ ಹೇಳಿದ್ದೆ ಬೇ, ಅರಳಿ ಹಂಗ ಇಲ್ಲವೇ ಇಲ್ಲ’ ಅಂತ ಅಳ್ತಾ ಕುಂತವ್ರೆ. ಊರಿಗೋಗಿ ಪಾಠ ಮೊದ್ಲಿಂದ ಮಾಡ್ತಾರಂತೆ. ದ್ಯಾಮವ್ವ ಒಂದು ಉಂಡೆ ಕಟ್ಟಿ ನನ್ನ ಬೆನ್ನಿಗೆ ಹೊಡುದ್ಲು. ನಾನ್ ಸುಮ್ನೆ ಬುಟ್ಟೇನಾ? ಹುಳಿ ಫ್ರಿಜ್ಜಲ್ಲೈತೆ. ಅನ್ನ ನೀನೇ ಮಾಡ್ಕೋ. ಯಾವಾಗ ಬತ್ತೀವೋ ಗೊತ್ತಿಲ್ಲ.” ಹಿನ್ನೆಲೆಯಲ್ಲಿ ಇನ್ನೊಂದು ಧ್ವನಿ (ದ್ಯಾಮವ್ವನವರದೆಂದು ಶಂಕಿಸಲಾಗಿದೆ): “ಬೇ ಲಿಂಗಮ್ಮಾ, ಫೋನ್ ಇಡಽ, ಕರಗತೈತಿ ಬಾ!” ಆ ನಂತರ ನಗು.

೧೨. ಸದರಿ ನಗುವನ್ನು ಪ್ರಭಾರ ಅಧಿಕಾರಿಯವರು ಟೇಪು ಹಿಂದಕ್ಕೆ ತಿರುಗಿಸಿ ಹಲವು ಬಾರಿ ಪರಿಶೀಲಿಸಿದ್ದು, ಅದು ತಮ್ಮ ತಾಯಿಯದೇ ಎಂದು ದೃಢಪಟ್ಟಿರುತ್ತದೆ. ಈ ಮನೆಗೆ ಬಂದಾಗಿನಿಂದ ಅವರು ಹಾಗೆ ನಕ್ಕ ದಾಖಲೆ ಕಡತಗಳಲ್ಲಿ ಎಲ್ಲಿಯೂ ಲಭ್ಯವಿರುವುದಿಲ್ಲ. ಈ ಬಗ್ಗೆ ಯಾವ ಕ್ರಮ ಕೈಗೊಳ್ಳಬೇಕೆಂಬುದು ಶಾಖೆಗೆ ತಿಳಿದಿರುವುದಿಲ್ಲ.

ಸಹಿ/-
(ಚೆಲುವರಾಜು)
ಪ್ರಭಾರ ಅಧಿಕಾರಿ, ಬೇಸಿಗೆ ರಜಾ ವಿನಿಯೋಗ ಶಾಖೆ
ಮತ್ತು ಸಾಫ್ಟ್‌ವೇರ್ ಇಂಜಿನಿಯರ್ (ರಜೆ ಬಾಕಿ)

ಪ್ರತಿಗಳು:
೧. ಸ್ಯಾನ್ ಮಟಿಯೋದಿಂದ ಬರ್ಕ್ಲಿಯವರೆಗಿನ ಎಲ್ಲ ಇಂಗ್ಲಿಷ್ ಶಿಕ್ಷಕರಿಗೆ, ಕಟ್ಟುನಿಟ್ಟಿನ ಪಾಲನೆಗಾಗಿ. (ಮನೆಯಲ್ಲಿ ಸಿಗದಿದ್ದಲ್ಲಿ ಬಾಗಿಲಿಗೆ ಅಂಟಿಸುವುದು. ಈಗಾಗಲೇ ಯಾರೂ ಸಿಗುತ್ತಿಲ್ಲ.)
೨. ಶ್ರೀ ಶಶಿಧರ, ಇವರಿಗೆ. ನೆಲ ಒರೆಸಿದ ನಂತರ ಓದಿಕೊಳ್ಳುವುದು.
೩. ಕೆಂಪು ಸೇತುವೆಗೆ, ಮಂಜು ಸರಿದ ಮೇಲೆ.
೪. ಶ್ರೀಮತಿ ರಮಾ, ಇವರಿಗೆ. ವಿವರಣೆ ನೀಡಲು, ಹಿಮ ಅರಳೆಯಂತಿಲ್ಲದಿದ್ದರೆ ಮತ್ತೆ ಹೇಗಿದೆ ಎಂಬುದನ್ನೂ ಅದರಲ್ಲಿ ತಿಳಿಸಲು.
೫. ಶ್ರೀಮತಿ ಲಿಂಗಮ್ಮ, ಟ್ರಕೀ, ಇವರಿಗೆ. ಒಂದು ಲೋಟ ಅಕ್ಕಿಗೆ ಎಷ್ಟು ಲೋಟ ನೀರು ಎಂಬುದನ್ನು ತುರ್ತಾಗಿ ತಿಳಿಸುವಂತೆ ಕೋರಿ. ಅಲ್ಲಿ ಹಿಮ ಇನ್ನೂ ಎಷ್ಟು ದಿನ ಉಳಿಯಬಹುದು, ಶನಿವಾರ ಒಬ್ಬನು ಬಂದರೆ ಸಿಗುವುದೇ ಎಂಬ ಬಗ್ಗೆಯೂ.